ರಾಡ್ ಹಿಡಿದು ನೆಲದಡಿ ಇರೋದನ್ನ ಹುಡುಕ್ತಾರಲ್ಲ, ನಂಬಬಹುದಾ?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಸಾಗರ ಕಡೆಯವ್ನು ನಾನು. ವಿಷಯ ಎಂತ ಅಂದ್ರೆ ನಮ್ಮನೆ ತೋಟಕ್ಕೆ ಅಪ್ಪಯ್ಯ ತೊಂಬತ್ತರ ದಶಕದಲ್ಲಿ ನೆಲದಡಿ ಪಿವಿಸಿ ಪೈಪ್ ಹಾಕ್ಸಿದ್ರು, ಕೆಳಗೆ ಹೊಳೆ ಪಕ್ಕದ ಪಂಪ್‌ಹೌಸಿಂದ ಗುಡ್ಡದ ಮೇಲಿನ ಟ್ಯಾಂಕಿಗೆ. ಈಗ ಎಲ್ಲೋ ಒಡೆದಿದೆ, ಮೋಟರ್ ಎಷ್ಟೊತ್ತು ಓಡಿದ್ರೂ ಟ್ಯಾಂಕ್ ತುಂಬ್ತಾ ಇಲ್ಲ. ಅಪ್ಪಯ್ಯ ಈಗಿಲ್ಲ, ಲೈನ್ ಎಲ್ಲಿ ಹೋಗಿದೆ ಅಂತ ಬರೆದಿಟ್ಟ ಒಂದು ಚೀಟಿನೂ ಇಲ್ಲ. ಊರಲ್ಲಿ ಬೋರ್‌ವೆಲ್ ಪಾಯಿಂಟ್ ನೋಡೋ ಒಬ್ರು ಇದಾರೆ, ಎಲ್ ಆಕಾರಕ್ಕೆ ಬಗ್ಗಿಸಿದ ಎರಡು ತಾಮ್ರದ ಕಡ್ಡಿ ಹಿಡ್ಕೊಂಡು ಬಂದ್ರು, ಪಂಪ್‌ಹೌಸಿಂದ ಶುರು ಮಾಡಿ ಅಡ್ಡಡ್ಡ ನಡೀತಾ ಹೋದ್ರು, ಕಡ್ಡಿ ಒಂದಕ್ಕೊಂದು ಅಡ್ಡ ಬಂದಲ್ಲೆಲ್ಲಾ ಸುಣ್ಣದ ಗುರುತು ಹಾಕಿದ್ರು. ಮೊದಲ್ನೇ ಗುರುತಲ್ಲಿ ಅಗೆದ್ರೆ ಪೈಪ್ ಸಿಕ್ತು, ನಿಜವಾಗ್ಲೂ ಸಿಕ್ತು.

ಇಲ್ಲೀವರೆಗೆ ಸರಿ. ವಾಪಸ್ ಹೋಗ್ತಾ ಹಳೇ ಕೊಟ್ಟಿಗೆ ಹತ್ರ ಕಡ್ಡಿ ಗಿರ್ರಂತ ತಿರುಗ್ತು, "ಇಲ್ಲಿ ಲೋಹ ಇದೆ, ದೊಡ್ಡದಾಗೇ ಇದೆ, ನಿಮ್ಮ ಹಿರಿಯರು ಏನೋ ಇಟ್ಟಿದಾರೆ" ಅಂದ್ರು. ತೆಗೆಯೋಕೆ ಮೊದಲು ದಿಗ್ಬಂಧನದ ಪೂಜೆ ಆಗ್ಬೇಕಂತೆ, ಅದಕ್ಕೆ ಅಡ್ವಾನ್ಸ್ ಕೊಡ್ಬೇಕಂತೆ. ದೊಡ್ಡಮ್ಮ ಆಗ್ಲೇ ಅರ್ಧ ಒಪ್ಪಿಬಿಟ್ಟಿದಾರೆ. ಪೈಪ್ ಸಿಕ್ಕಿದ್ದು ಕಣ್ಣಾರೆ ಕಂಡಿದೀನಿ, ಹಾಗಾಗಿ ಎರಡನೇದನ್ನ ಪೂರ್ತಿ ತಳ್ಳಿ ಹಾಕೋಕೂ ಆಗ್ತಿಲ್ಲ. ಯಾರಾದ್ರೂ ಹಿಂಗೆ ಮಾಡ್ಸಿದೀರಾ?

ಕಡಲತೀರ_ಕುಂದಾಪ್ರ:
ಅಡ್ವಾನ್ಸ್ ಕೊಡ್ಬೇಡಿ ಮಾರಾಯ್ರೆ. ಮೊದ್ಲು ಅದೊಂದು. ಉಳಿದದ್ದು ಆಮೇಲೆ ಮಾತಾಡುವ.

ಎರೆಹೊಲ:
ನಾ ಗದಗ ಕಡೆಯಂವ ರೀ. ರಾಡ್ ಸುಳ್ಳು ಅಂತ ಒಮ್ಮೆಲೇ ಹೇಳಬ್ಯಾಡ್ರಿ. ನಮ್ಮ ಹೊಲದಾಗ ತೆಂಗಿನಕಾಯಿ ಅಂಗೈ ಮ್ಯಾಲೆ ಇಟ್ಕೊಂಡು ಒಬ್ಬ ಅಜ್ಜ ನಡದಾಡಿದ, ಕಾಯಿ ತಾನಾಗೇ ಎದ್ದು ನಿಂತಿತ್ತು, ಅಲ್ಲೇ ಬೋರ್ ಹೊಡಿಸಿದ್ವಿ, ಇವತ್ತಿಗೂ ನೀರ ಬರಾಕತ್ತೈತಿ. ಮಷಿನ್ ತಂದ ಜಿಯಾಲಜಿಸ್ಟ್ ತೋರಿಸಿದ ಜಾಗದಾಗ ನಮ್ಮ ಕಾಕಾಗೆ ಬರೇ ಧೂಳು ಬಂತು. ಆ ಅಜ್ಜ ರೊಕ್ಕಾನೂ ಕೇಳಲಿಲ್ಲ, ಒಂದು ಟವೆಲ್, ಎಲಿ ಅಡಿಕಿ, ಅಷ್ಟ. ಆದ್ರ ನಿಧಿ ಗಿಧಿ ಅಂತ ಹೇಳಿ ಪೂಜಾಕ್ಕ ರೊಕ್ಕ ಕೇಳಾಂವ ಬ್ಯಾರೇನ ಮನಷ್ಯಾ, ಅದನ್ನ ನಾನೂ ಒಪ್ಪಂಗಿಲ್ಲ.

ಸ್ಪ್ಯಾನರ್_ಸೀನ:
ಮೆಕ್ಯಾನಿಕಲ್ ಇಂಜಿನಿಯರ್ ಆಗಿ ಆ ಕಡ್ಡಿ ಹೆಂಗೆ ತಿರುಗತ್ತೆ ಅಂತ ಹೇಳ್ತೀನಿ, ಯಾಕಂದ್ರೆ ತಿರುಗೋದು ಸುಳ್ಳಲ್ಲ, ಎಲ್ರೂ ಅಲ್ಲೇ ಎಡವೋದು. ಎಲ್ ಕಡ್ಡಿಯ ಗಿಡ್ಡ ಭಾಗ ಮುಷ್ಟಿಲಿ ಸಡಿಲವಾಗಿ ನಿಂತಿರತ್ತೆ, ಉದ್ದ ಭಾಗ ಮುಂದಕ್ಕೆ ಚಾಚಿರತ್ತೆ, ಭಾರ ಎಲ್ಲಾ ಮುಂದೆ. ಹಂಗಾಗಿ ಮಣಿಕಟ್ಟು ಒಂದು ಕೂದಲೆಳೆಯಷ್ಟು ಒಳಗಡೆ ವಾಲಿದ್ರೂ ಸಾಕು, ತುದಿ ಸುಯ್ಯಂತ ಒಳಗೆ ಬಂದುಬಿಡತ್ತೆ, ಹಿಡಿದವನಿಗೆ ತಾನು ವಾಲಿಸಿದ್ದು ಗೊತ್ತೇ ಆಗಲ್ಲ. ಕವಲು ಕಡ್ಡಿದೂ ಅದೇ ಕಥೆ, ಎರಡೂ ಕಡೆ ಎಳೆದು ಹಿಡಿದಾಗ ಅದರಲ್ಲಿ ಬಿಗಿ ತುಂಬಿಕೊಂಡಿರತ್ತೆ, ಸ್ವಲ್ಪ ಕೈ ತಿರುಚಿದ್ರೆ ಫಟ್ ಅಂತ ಕೆಳಗೆ ಬೀಳತ್ತೆ, ಎಷ್ಟೋ ಸಲ ತೊಗಟೆ ಕಿತ್ತು ಬರೋಷ್ಟು ಜೋರಾಗಿ. ಹಿಡಿದವನಿಗೆ ಯಾರೋ ಎಳೆದಂಗೆ ಅನ್ಸೋದು ಸಹಜ. ವಿಲಿಯಂ ಕಾರ್ಪೆಂಟರ್ ಅನ್ನೋ ವೈದ್ಯ 1852ರಲ್ಲೇ ಇದಕ್ಕೆ ಐಡಿಯೋಮೋಟರ್ ಅಂತ ಹೆಸರಿಟ್ಟ, ಅಂದ್ರೆ ಮನಸ್ಸಲ್ಲಿ ಒಂದು ನಿರೀಕ್ಷೆ ಇದ್ರೆ ಸ್ನಾಯು ನಮ್ಮನ್ನ ಕೇಳ್ದೇನೇ ಅದನ್ನ ಮಾಡಿಬಿಡತ್ತೆ. ದಾರಕ್ಕೆ ಉಂಗುರ ಕಟ್ಟಿ ಆಡಿಸ್ತಾರಲ್ಲ, ಅದನ್ನ ಅವನಿಗಿಂತ ಮುಂಚೆ ಶೆವ್ರೋಲ್ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ ಕಣ್ಣು ಕಟ್ಕೊಂಡು ಮಾಡಿ ನೋಡಿದ್ದ, ಕಣ್ಣು ಕಟ್ಟಿದ್ರೆ ಉಂಗುರದ ಆಟ ಬಂದ್!

ಈಗ ನಿಮ್ಮ ಪೈಪಿನ ವಿಷಯ. ಮೊದಲ ಗುರುತು ಪಂಪ್‌ಹೌಸಿಂದ ಎಷ್ಟು ದೂರ ಇತ್ತು?

ತೋಟದಮನೆ:
@ಸ್ಪ್ಯಾನರ್_ಸೀನ ಹತ್ರಾನೇ ಇತ್ತು, ಗೋಡೆಯಿಂದ ನಾಲ್ಕು ಮಾರು ಇರಬಹುದು.

ಸ್ಪ್ಯಾನರ್_ಸೀನ:
ಅಲ್ಲಾ ಗುರು, ಪೈಪ್ ಗೋಡೆಯಿಂದ ಹೊರಗೆ ಬರೋದು ಕಣ್ಣಿಗೇ ಕಾಣ್ತಿರತ್ತೆ, ಟ್ಯಾಂಕ್ ಮೇಲೆ ಎಲ್ಲಿದೆ ಅಂತಾನೂ ಕಾಣ್ತಿರತ್ತೆ. ನಾಲ್ಕು ಮಾರಲ್ಲಿ ಅದು ಎಲ್ಲಿಗೆ ಹೋಗಿರತ್ತೆ? ನಾನಾದ್ರೂ ಕಡ್ಡಿ ಇಲ್ದೇ ತೋರಿಸ್ತಿದ್ದೆ. ಆ ಮನುಷ್ಯ ಮೋಸಗಾರ ಅಂತ ನಾನು ಹೇಳ್ತಿಲ್ಲ, ಇಪ್ಪತ್ತು ವರ್ಷ ತೋಟ ಸುತ್ತಿದವನ ಕಣ್ಣಿಗೆ ಮಣ್ಣಿನ ಇಳಿಜಾರು, ಅಗೆದು ಮುಚ್ಚಿದ ಜಾಗದ ತಗ್ಗು, ಹುಲ್ಲಿನ ಬಣ್ಣ ಎಲ್ಲಾ ಕಾಣ್ತಿರತ್ತೆ, ಅವನ ಕೈ ಅದನ್ನ ಕಡ್ಡಿಗೆ ಹೇಳತ್ತೆ. ಕಡ್ಡಿ ಅವನಿಗೆ ಏನೂ ಹೇಳ್ತಿಲ್ಲ ಅಷ್ಟೇ.

ಮಳೆನಾಡ್_ಇನ್_ಲೀಡ್ಸ್:
ಇಂಗ್ಲೆಂಡಲ್ಲಿ ಇದೀನಿ, ಇಲ್ಲಿನ ಕಥೆ ಕೇಳಿ ನಗ್ಬೇಡಿ. 2017ರಲ್ಲಿ ಒಬ್ಬ ಜೀವವಿಜ್ಞಾನಿಯ ಅಪ್ಪ ಅಮ್ಮನ ಮನೆಗೆ ವಾಟರ್ ಕಂಪನಿಯ ಟೆಕ್ನಿಷಿಯನ್ ಬಂದು ಬಗ್ಗಿಸಿದ ಕಂಬಿ ಹಿಡ್ಕೊಂಡು ಪೈಪ್ ಹುಡುಕಿದ್ನಂತೆ. ಆಕೆ ದೇಶದ ಎಲ್ಲಾ ದೊಡ್ಡ ನೀರಿನ ಕಂಪನಿಗಳನ್ನೂ ಕೇಳಿದ್ರು, 12ರಲ್ಲಿ 10 ಕಂಪನಿ ಹೌದು, ನಮ್ಮ ಕೆಲವು ಹುಡುಗ್ರು ಈಗ್ಲೂ ಅದನ್ನ ಬಳಸ್ತಾರೆ ಅಂತ ಉತ್ತರ ಕೊಟ್ವು. ದೊಡ್ಡ ಗಲಾಟೆ ಆಯ್ತು. ಹಾಗಾಗಿ ಇದು ನಮ್ಮ ಹಳ್ಳಿಯವರ ಮೂಢನಂಬಿಕೆ ಅಂತ ಬೀಗೋ ಪೇಟೆ ಜನಕ್ಕೆ ಒಂದು ಮಾತು, ಯುರೋಪಿನ ಗಣಿ ಕೆಲಸದವ್ರು ನೂರಾರು ವರ್ಷದಿಂದ ಮಾಡ್ತಿದ್ದ ಕೆಲಸ ಇದು. ಜರ್ಮನಿಯ ಅಗ್ರಿಕೋಲಾ 1556ರ ತನ್ನ ಗಣಿಗಾರಿಕೆ ಪುಸ್ತಕದಲ್ಲಿ ಕವಲು ಕಡ್ಡಿ ಹಿಡಿದವರ ಚಿತ್ರಾನೇ ಹಾಕಿದಾನೆ, ಹಾಕಿ, ಬುದ್ಧಿ ಇರೋ ಗಣಿಯವನಿಗೆ ಈ ಕಡ್ಡಿ ಬೇಡ, ನೆಲದ ಮೇಲಿನ ಗುರುತು ನೋಡಿದ್ರೆ ಸಾಕು ಅನ್ನೋ ಅರ್ಥದಲ್ಲಿ ಬರೆದೂ ಇದಾನೆ.

ಹುತ್ತದಕೋವಿ:
ಎಲ್ಲದಕ್ಕೂ ಫಾರಿನ್ ಯಾಕೆ ಸ್ವಾಮಿ? ನಮ್ಮ ವರಾಹಮಿಹಿರ ಆರನೇ ಶತಮಾನದಲ್ಲೇ ಬೃಹತ್ಸಂಹಿತೆಯಲ್ಲಿ ದಕಾರ್ಗಲ ಅಂತ ಒಂದು ಇಡೀ ಅಧ್ಯಾಯ ಬರೆದಿದಾನೆ. ನೆಲದೊಳಗೆ ನೀರಿನ ಸಿರೆಗಳು ಇರತ್ವೆ, ಯಾವ ದಿಕ್ಕಲ್ಲಿ ಎಷ್ಟು ಪುರುಷ (ಆಳೆತ್ತರದ ಅಳತೆ) ಆಳದಲ್ಲಿ ಸಿಗತ್ತೆ ಅಂತೆಲ್ಲಾ ಹೇಳಿದಾನೆ. ನಮ್ಮ ಹಿರಿಯರ ವಿದ್ಯೆನ ಹಂಗೆ ತೆಗೆದುಹಾಕೋಕಾಗಲ್ಲ.

ಅಕ್ಕರೆಯಅಕ್ಕ:
@ಹುತ್ತದಕೋವಿ ಅಣ್ಣ ದಕಾರ್ಗಲ ನಾನೂ ಓದಿದೀನಿ, ಎಂಎಗೆ ಸಂಸ್ಕೃತ ಇತ್ತು. ಅದರಲ್ಲಿ ಇರೋದೇನು ಹೇಳಿ? ನೇರಳೆ ಮರದ ಯಾವ ಕಡೆ ಹುತ್ತ ಇದ್ರೆ ಎಲ್ಲಿ ಅಗೀಬೇಕು, ಅಗೀತಾ ಹೋದಂಗೆ ಯಾವ ಬಣ್ಣದ ಮಣ್ಣು, ಎಂಥಾ ಕಲ್ಲು, ಎಂಥಾ ಕಪ್ಪೆ ಸಿಗತ್ತೆ, ಇದೇ. ಕಡ್ಡಿ ತಿರುಗಿಸೋದು ಎಲ್ಲೂ ಇಲ್ಲ. ಅದು ಮರ, ಹುತ್ತ, ಮಣ್ಣು ನೋಡಿ ಹೇಳೋ ಶಾಸ್ತ್ರ, ಎಲ್ಲಾ ನಿಜ ಆಗತ್ತೆ ಅಂತಲ್ಲ, ಆದ್ರೆ ದಾರಿ ಅದು. ವರಾಹಮಿಹಿರನ್ನ ಕರೆತಂದು ರಾಡ್ ಹಿಡಿಸೋದು ಅವನಿಗೇ ಅನ್ಯಾಯ.

ಹುತ್ತದಕೋವಿ:
ಸರಿ ಅಕ್ಕ, ಕಡ್ಡಿ ಇಲ್ಲ, ಒಪ್ಪಿದೆ. ಆದ್ರೆ ಕೈಗೆ ಸಿಗೋ ಶಕ್ತಿ ಎಲ್ರಿಗೂ ಇರಲ್ಲ, ಪರೀಕ್ಷೆ ಮಾಡೋಕೆ ಹೋದ್ರೆ ಅದು ಓಡಿಹೋಗತ್ತೆ ಅಂತಾರೆ.

ಮಳೆನಾಡ್_ಇನ್_ಲೀಡ್ಸ್:
ಓಡಿಹೋಗೋದು ನಿಜ, ಪರೀಕ್ಷೆ ಮಾಡಿದಾಗಲೆಲ್ಲಾ ಓಡಿಹೋಗಿದೆ 😀 1990ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಮಾಡಿದ್ದು ನಿಮ್ಮ ತೋಟದ ಕೇಸಿಗೆ ಬಹಳ ಹತ್ರ ಇದೆ. ಬಯಲಲ್ಲಿ 50 ಸೆಂಟಿಮೀಟರ್ ಆಳಕ್ಕೆ ಪ್ಲಾಸ್ಟಿಕ್ ಪೈಪ್ ಹುಗಿದ್ರು, ಎಲ್ಲಿ ಹುಗಿದಿದೆ ಅಂತ ನೆಲದ ಮೇಲೆ ಬಣ್ಣದ ಪಟ್ಟಿ ಎಳೆದು ತೋರಿಸಿಯೂ ಬಿಟ್ರು. ಕಡ್ಡಿಯವರು ಹೇಳ್ಬೇಕಾಗಿದ್ದು ಇಷ್ಟೇ, ಈಗ ಒಳಗೆ ನೀರು ಹರೀತಿದೆಯಾ ಇಲ್ವಾ. ಮೂವತ್ತು ಜನರಷ್ಟು ಬಂದಿದ್ರು, ಯಾರನ್ನೂ ಬಲವಂತವಾಗಿ ಕರೆತಂದಿದ್ದಲ್ಲ, ನಿಯಮಗಳನ್ನ ಓದಿ ಒಪ್ಪಿಕೊಂಡೇ ಬಂದವ್ರು, ಗೆಲ್ತೀವಿ ಅನ್ನೋ ನಂಬಿಕೆ ಇದ್ದವ್ರು. ವಾಲ್ವ್ ಯಾವಾಗ ತೆಗೀಬೇಕು ಮುಚ್ಬೇಕು ಅನ್ನೋದು ಚೀಟಿ ಎತ್ತಿದಂಗೆ. ಫಲಿತಾಂಶ ನಾಣ್ಯ ಚಿಮ್ಮಿಸಿ ಹೇಳಿದ್ರೆ ಎಷ್ಟು ಸರಿಯಾಗತ್ತೋ ಅಷ್ಟೇ. ಡಬ್ಬಿಗಳಲ್ಲಿ ವಸ್ತು ಬಚ್ಚಿಟ್ಟು ಹುಡುಕ್ಸಿದ್ದೂ ಇತ್ತು, ಅದೂ ಅಷ್ಟೇ.

ಎರೆಹೊಲ:
ಅಲ್ರೀ ನಾ ಎಲ್ಲೋ ಓದಿದ್ದೆ, ಜರ್ಮನಿ ಸರ್ಕಾರನ ರೊಕ್ಕ ಕೊಟ್ಟು ಟೆಸ್ಟ್ ಮಾಡಿಸಿ ಆರು ಮಂದಿಗೆ ಖರೇವಂದ್ರೂ ಶಕ್ತಿ ಐತಿ ಅಂತ ಬಂದಿತ್ತಲ್ಲ?

ಮಳೆನಾಡ್_ಇನ್_ಲೀಡ್ಸ್:
ಅದು ಮ್ಯೂನಿಕ್, 1987-88. ನೀವು ಹೇಳಿದ್ದು ಸರಿ, ಅದನ್ನ ಮಾಡಿದ ವಿಜ್ಞಾನಿಗಳೇ ಹಂಗೆ ಬರೆದಿದ್ರು. ಸುಮಾರು 500 ಜನರಲ್ಲಿ ಸೋಸಿ 43 ಜನರನ್ನ ಆರಿಸಿ, ಕಣಜದಂಥ ಒಂದು ಕಟ್ಟಡದ ಕೆಳಗೆ ಪೈಪ್ ಜಾಗ ಬದಲಿಸ್ತಾ 843 ಸಲ ನೋಡಿದ್ರು. 43ರಲ್ಲಿ 37 ಜನರದ್ದು ಏನೂ ಇಲ್ಲ, ಉಳಿದ ಆರು ಜನರದ್ದು ಪರವಾಗಿಲ್ಲ ಅಂತ ಆ ವಿಜ್ಞಾನಿಗಳು ಅಂದ್ರು. ಆಮೇಲೆ ಎನ್‌ರೈಟ್ ಅನ್ನೋ ಅಮೆರಿಕದ ವಿಜ್ಞಾನಿ ಅದೇ ಅಂಕಿಅಂಶ ಇಟ್ಕೊಂಡು ಲೆಕ್ಕ ಹಾಕಿ ತೋರಿಸಿದ, ಆರರಲ್ಲಿ ಅತಿ ಒಳ್ಳೆಯವನು ಕೂಡ, ಕಣ್ಮುಚ್ಚಿ "ಪೈಪ್ ನಡುವೆ ಇದೆ" ಅಂತ ಪ್ರತಿ ಸಲ ಹೇಳೋನಿಗಿಂತ ಹತ್ತು ಮೀಟರಿನ ಉದ್ದದಲ್ಲಿ ಸರಾಸರಿ 4 ಮಿಲಿಮೀಟರ್ ಹತ್ರ ಇದ್ದ. ನಾಲ್ಕು ಮಿಲಿಮೀಟರ್ ಕಣ್ರೀ. ಆ ಆರು ಜನರೂ ಇನ್ನೊಂದು ಸಲ ನಿಲ್ಸಿದ್ರೆ ಅದೇ ತೋರಿಸ್ತಿರಲಿಲ್ಲ, ಅದೇ ಪಟ್ಟಿಯಲ್ಲಿ ಒಬ್ಬನದೇ ಒಂದು ಸುತ್ತು ಚೆನ್ನಾಗಿದ್ರೆ ಮುಂದಿನದು ತೋಪು.

ಎರೆಹೊಲ:
ಹಂಗಾರ ನಮ್ಮ ಬೋರ್?

ಸ್ಪ್ಯಾನರ್_ಸೀನ:
ನಿಮ್ಮ ಬೋರಲ್ಲಿ ನೀರು ಬಂದಿದ್ದು ನಿಜ, ಅದನ್ನ ಯಾರೂ ಕಿತ್ಕೊಳಲ್ಲ. ಕೇಳ್ಬೇಕಾಗಿರೋದು ಅಲ್ಲಿಂದ ಐವತ್ತು ಅಡಿ ಆಚೆ ಕೊರೆದಿದ್ರೆ ಬರ್ತಿರಲಿಲ್ವಾ ಅಂತ, ಅದನ್ನ ಯಾರೂ ಕೊರೆದು ನೋಡಲ್ಲ, ಯಾಕೆ ನೋಡ್ತಾರೆ ದುಡ್ಡು ಸುರಿದು. ನಮ್ಮ ಕಡೆ ಗಟ್ಟಿ ಬಂಡೆ, ನೀರು ಬಿರುಕಲ್ಲಿ ಮಾತ್ರ ಇರತ್ತೆ, ಅದಕ್ಕೇ ಜಿಯಾಲಜಿಸ್ಟ್‌ನ ರೆಸಿಸ್ಟಿವಿಟಿ ಮೀಟರ್ ಕೂಡ ಎಷ್ಟೋ ಸಲ ಫೇಲ್ ಆಗತ್ತೆ, ಕರೆಂಟ್ ಬಿಟ್ಟು ತೇವದ ಪದರ ಊಹೆ ಮಾಡೋ ಯಂತ್ರ ಅದು, ನೀರಿನ ಗ್ಯಾರಂಟಿ ಕಾರ್ಡ್ ಅಲ್ಲ. ಫೇಲ್ ಆದ ತೆಂಗಿನಕಾಯಿಗಳನ್ನ ಯಾರೂ ಕಟ್ಟೆ ಮೇಲೆ ಕೂತು ಹೇಳಲ್ಲ, ಗೆದ್ದಿದ್ದು ಮಾತ್ರ ಊರೆಲ್ಲಾ ಓಡಾಡತ್ತೆ.

ಕಡಲತೀರ_ಕುಂದಾಪ್ರ:
ಬೋರ್‌ವೆಲ್ ಪುರಾಣಕ್ಕೆ ಹೋದ್ರೆ ಇದು ಮುಗಿಯುದಿಲ್ಲ. ಕೊಟ್ಟಿಗೆ ವಿಷ್ಯಕ್ಕೆ ಬನ್ನಿ. "ಲೋಹ ಇದೆ" ಅಂದ್ರಲ್ಲ ಅವ್ರು, ಹಳೇ ಕೊಟ್ಟಿಗೆ ಅಡಿ ಲೋಹ ಇಲ್ದೆ ಇರ್ತದಾ? ಹಸು ಕಟ್ಟುವ ಸರಪಳಿ, ಲಾಳ, ಮೊಳೆ, ಮುರಿದ ಕತ್ತಿ, ಎಂತೆಲ್ಲಾ ಉಂಟು. ಅಗೆದಾಗ ತುಕ್ಕು ಹಿಡಿದ ಸರಪಳಿ ಸಿಕ್ರೆ "ನೋಡಿ ಹೇಳಿದ್ದೆ" ಅಂತಾರೆ, ಏನೂ ಸಿಗ್ಲಿಲ್ಲ ಅಂದ್ರೆ "ಪೂಜೆ ಕೆಟ್ಟಿತು, ನಿಧಿ ಜಾಗ ಬಿಟ್ಟು ಸರೀತು" ಅಂತಾರೆ. ಎರಡರಲ್ಲೂ ಅವ್ರು ಸೋಲುದಿಲ್ಲ. ಸೋಲೇ ಇಲ್ಲದ ಆಟಕ್ಕೆ ನೀವ್ಯಾಕೆ ದುಡ್ಡು ಕಟ್ತೀರಿ?

ಕೋರ್ಟ್_ಕಟ್ಟೆ:
ಕಾನೂನಿನ ಕಡೆಯಿಂದ ಎರಡು ಮಾತು. ಸ್ವಂತ ಜಾಗದಲ್ಲಿ ಸಿಕ್ಕಿದ್ರೂ ನಿಧಿ ನಿಮ್ಮದಾಗಿಬಿಡಲ್ಲ. 1962ರ ಕರ್ನಾಟಕ ಟ್ರೆಜರ್ ಟ್ರೋವ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಮುಚ್ಚಿಟ್ರೆ ಅಪರಾಧ. ಇನ್ನು ನಿಧಿ ಹೆಸರಲ್ಲಿ ವಾಮಾಚಾರ ಮಾಡೋದು 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಗೆ ಬರತ್ತೆ, 2020ರಿಂದ ಜಾರಿಯಲ್ಲಿದೆ. ಸಾದಾ ಪೂಜೆಗೆ ಯಾರೂ ಅಡ್ಡ ಬರಲ್ಲ, ಆದ್ರೆ ಪೂಜೆ ಅಂತ ಶುರುವಾಗಿ ಅಮಾವಾಸ್ಯೆ ರಾತ್ರಿ, ಬಲಿ ಅಂತ ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ ಪೇಪರ್ ಓದೋರಿಗೆ ಗೊತ್ತು. 2019ರ ಜುಲೈಯಲ್ಲಿ ಆನೆಗೊಂದಿ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದ್ರಲ್ಲ, ಅಲ್ಲಿ ಸಿಕ್ಕಿದ್ದೇನು? ಒಬ್ಬ ಯತಿಯ ಸಮಾಧಿ ಅಡಿ ಚಿನ್ನ ಇರತ್ತೆ ಅಂತ ಅವರ ತಲೇಲಿ ತುಂಬಿದವನು ಯಾರೋ ಒಬ್ಬ ಇದ್ದೇ ಇರ್ತಾನೆ.

ಅಕ್ಕರೆಯಅಕ್ಕ:
ಸರ್ಕಾರಾನೇ ಬಿದ್ದಿದೆ ಬಿಡಿ ಈ ಗುಂಡಿಗೆ. 2013ರ ಅಕ್ಟೋಬರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ ಒಬ್ಬ ಸಾಧುವಿಗೆ ಸಾವಿರ ಟನ್ ಚಿನ್ನದ ಕನಸು ಬಿತ್ತು, ಪುರಾತತ್ವ ಇಲಾಖೆ ಹೋಗಿ ಅಗೀತು, ಟಿವಿಯವರ ಜಾತ್ರೆನೇ ಅಲ್ಲಿ. ಸಿಕ್ಕಿದ್ದು ಮಡಕೆ ಚೂರು, ಬಳೆ ಚೂರು. ಇತಿಹಾಸ ಓದಿದವಳಾಗಿ ನನಗೆ ಮಡಕೆ ಚೂರೂ ನಿಧಿನೇ, ಆದ್ರೆ ಅದನ್ನ ಆ ಜನಕ್ಕೆ ಹೇಳೋಕಾಗಲ್ಲ.

ಸ್ಪ್ಯಾನರ್_ಸೀನ:
ಇದೇ ಕಡ್ಡಿ ಯೂನಿಫಾರಂ ಹಾಕ್ಕೊಂಡ್ರೆ ಏನಾಗತ್ತೆ ಗೊತ್ತಾ. ಎಡಿಇ 651 ಅಂತ ಒಂದು ಬಾಂಬ್ ಹುಡುಕೋ ಯಂತ್ರ, ಪ್ಲಾಸ್ಟಿಕ್ ಹಿಡಿ, ಅದರ ಮುಂದೆ ಟಿವಿ ಆಂಟೆನಾ ಥರದ ಒಂದು ಕಡ್ಡಿ, ಬ್ಯಾಟರಿನೂ ಇಲ್ಲ. ಗಾಲ್ಫ್ ಚೆಂಡು ಹುಡುಕೋ ಆಟಿಕೆ ಅಂತ ಮಾರ್ತಿದ್ದ ಮಾಲು ಅದರ ಮೂಲ. ಜೇಮ್ಸ್ ಮೆಕ್‌ಕಾರ್ಮಿಕ್ ಅನ್ನೋ ಬ್ರಿಟಿಷ್ ವ್ಯಾಪಾರಿ ಇರಾಕಿಗೆ ಸಾವಿರಗಟ್ಟಲೆ ಮಾರಿದ, ಒಂದೊಂದಕ್ಕೂ ಸಾವಿರಾರು ಡಾಲರ್. ಬಾಗ್ದಾದಿನ ಚೆಕ್‌ಪೋಸ್ಟಲ್ಲಿ ಪೊಲೀಸರು ಅದನ್ನ ಹಿಡ್ಕೊಂಡು ಕಾರು ತಪಾಸಣೆ ಮಾಡ್ತಿದ್ರು, ಕಡ್ಡಿ ತಿರುಗದ ಕಾರು ಹೋಗ್ಬಹುದು. 2013ರಲ್ಲಿ ಅವನಿಗೆ ಲಂಡನ್ ಕೋರ್ಟ್ 10 ವರ್ಷ ಜೈಲು ಹಾಕ್ತು. ಆದ್ರೂ ಅದು ಚೆಕ್‌ಪೋಸ್ಟಿಂದ ಹೋಗಿರಲಿಲ್ಲ, 2016ರ ಜುಲೈಯಲ್ಲಿ ಬಾಗ್ದಾದಿನ ಕರಾದಾ ಬಡಾವಣೆಯ ಬಾಂಬಿಗೆ ಮುನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಇರಾಕ್ ಪ್ರಧಾನಿ ವಾಪಸ್ ತೆಗೀರಿ ಅಂತ ಆದೇಶ ಕೊಟ್ರು. ಥೈಲ್ಯಾಂಡಲ್ಲಿ ಅದರ ತಮ್ಮ ಜಿಟಿ200 ಇತ್ತು, 2010ರಲ್ಲಿ ನಾಲ್ಕು ಡಬ್ಬಿಲಿ ಒಂದರಲ್ಲಿ ಸ್ಫೋಟಕ ಇಟ್ಟು ಕೇಳಿದ್ರೆ 20ಕ್ಕೆ 4 ಸರಿ. ಸುಮ್ನೆ ಬೆರಳು ತೋರಿಸಿದ್ರೇನೇ ಐದು ಬರ್ಬೇಕಿತ್ತು!

ತೋಟದಮನೆ:
ಇಷ್ಟೆಲ್ಲಾ ಓದಿ ದೊಡ್ಡಮ್ಮನಿಗೂ ಓದಿ ಹೇಳಿದೆ. ಬಾಂಬಿಗೂ ನಮ್ಮ ಕೊಟ್ಟಿಗೆಗೂ ಎಂತ ಸಂಬಂಧ ಅಂದ್ರು. ಅಡ್ವಾನ್ಸ್ ಮಾತ್ರ ಸದ್ಯಕ್ಕೆ ತಡೆಹಿಡಿದಿದೀನಿ. ಈಗ ಪೈಪ್ ಹುಡುಕೋಕೆ ದಾರಿ ಹೇಳಿ ಮಾರಾಯ್ರೆ, ಅಡಿಕೆಗೆ ನೀರಿಲ್ಲ, ಬಿಸಿಲು ನೋಡಿದ್ರೆ ಹೆದ್ರಿಕೆ ಆಗತ್ತೆ. ಮೆಟಲ್ ಡಿಟೆಕ್ಟರ್ ಬಾಡಿಗೆಗೆ ಸಿಗತ್ತಾ?

ಸ್ಪ್ಯಾನರ್_ಸೀನ:
ಪಿವಿಸಿಗೆ ಮೆಟಲ್ ಡಿಟೆಕ್ಟರ್ ಕೂಗಲ್ಲ. ಪೈಪೊಳಗೆ ತಂತಿ ತೂರಿಸಿ ಅದಕ್ಕೆ ಸಿಗ್ನಲ್ ಬಿಟ್ಟು ಮೇಲಿಂದ ಹಿಡಿಯೋ ಲೊಕೇಟರ್ ಇದೆ, ಆದ್ರೆ ನಿಮ್ಮಲ್ಲಿ ಅದನ್ನ ತರಿಸೋಷ್ಟರಲ್ಲಿ ಮಳೆಗಾಲ ಬಂದಿರತ್ತೆ. ಒಂದು ಸುಲಭದ ಕೆಲಸ ಹೇಳ್ತೀನಿ. ಪಂಪ್‌ಹೌಸಲ್ಲಿ ಎನ್‌ಆರ್‌ವಿ ವಾಲ್ವ್ ಇರತ್ತಲ್ಲ, ನೀರು ವಾಪಸ್ ಬರದಂಗೆ ತಡೆಯೋದು, ಅದು ಸರಿ ಇದೆಯಾ ನೋಡಿ, ಅದರಿಂದ ಮೇಲ್ಗಡೆ ಪೈಪಿಗೆ ಒಂದು ಪ್ರೆಷರ್ ಗೇಜ್ ಹಾಕ್ಸಿ. ಮೋಟರ್ ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿ ಕಾಯಿರಿ. ಒಡೆದ ಜಾಗಕ್ಕಿಂತ ಮೇಲಿನ ನೀರೆಲ್ಲಾ ಅಲ್ಲೇ ಸೋರಿಹೋಗತ್ತೆ, ಕೆಳಗಿನ ನೀರು ಪೈಪಲ್ಲೇ ನಿಲ್ಲತ್ತೆ, ಮುಳ್ಳು ಇಳಿದು ಇಳಿದು ಒಂದು ಕಡೆ ನಿಲ್ಲತ್ತೆ. ಗೇಜಲ್ಲಿ ಒಂದು ಕೆಜಿ ಒತ್ತಡ ಅಂದ್ರೆ 10 ಮೀಟರ್ ನೀರಿನ ಎತ್ತರ. ಒಂದೂವರೆ ತೋರಿಸಿದ್ರೆ ಗೇಜಿಂದ 15 ಮೀಟರ್ ಎತ್ತರದಲ್ಲಿ ಒಡೆದಿದೆ ಅಂತ ಲೆಕ್ಕ. ಪೈಪ್ ಏರ್ತಾನೇ ಹೋಗಿರ್ಬೇಕು, ನಡುವೆ ಇಳಿದು ಹತ್ತಿದ್ರೆ ಲೆಕ್ಕ ತಪ್ಪತ್ತೆ. ಎತ್ತರ ಅಳೆಯೋಕೆ ಮೊಬೈಲ್ ನಂಬ್ಬೇಡಿ, ಗಾರೆ ಕೆಲಸದವ್ರ ಹತ್ರ ನೀರು ತುಂಬಿದ ಲೆವೆಲ್ ಟ್ಯೂಬ್ ಇರತ್ತಲ್ಲ, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ.

ಎರೆಹೊಲ:
ಭಾರಿ ಐಡಿಯಾ ರೀ ಇದು.

ತೋಟದಮನೆ:
ಸಿಕ್ತು!! ಗೇಜ್ ಒಂದೂ ಮುಕ್ಕಾಲಿಗೆ ನಿಂತ್ಕೊಂತು. ಲೆವೆಲ್ ಟ್ಯೂಬ್ ಹಿಡಿದು ಹತ್ತಿ ಆ ಎತ್ತರದಲ್ಲಿ ಗುಡ್ಡದ ಅಡ್ಡಕ್ಕೆ ಹಾರೆಕೋಲಲ್ಲಿ ಚುಚ್ತಾ ಹೋದ್ವಿ, ಹಲಸಿನ ಮರದ ಹತ್ರ ದರಕಿನ (ಒಣ ಎಲೆ) ಅಡಿ ಮಣ್ಣು ಕೆಸರಾಗಿತ್ತು, ನೀರು ಮೇಲೆ ಬರದೆ ಕಲ್ಲಿನ ಸಂದಿಗೆ ಇಳೀತಾ ಇತ್ತು. ಬೇರು ಒತ್ತಿ ಕಪ್ಲಿಂಗ್ ಸೀಳಿದೆ. ತಮಾಷೆ ಎಂತ ಗೊತ್ತಾ, ಅಪ್ಪಯ್ಯ ಲೈನನ್ನ ಅಲ್ಲೊಂದು ದೊಡ್ಡ ಬಂಡೆ ಸುತ್ತಿ ಎಳ್ಸಿದಾರೆ, ಸುಣ್ಣದ ಗುರುತೆಲ್ಲಾ ಇರೋದು ಪಂಪ್‌ಹೌಸಿಂದ ಟ್ಯಾಂಕಿಗೆ ನೇರ ಗೆರೆಲಿ. ಬಂಡೆಯ ಮೇಲೂ ಒಂದು ಗುರುತಿದೆ, ಅಲ್ಲಿ ಪೈಪ್ ಹೋಗೋಕೆ ಸಾಧ್ಯಾನೇ ಇಲ್ಲ, ಮೊದಲೇ ನಮಗೆ ಹೊಳೀಲಿಲ್ಲ ನೋಡಿ.

ಹುತ್ತದಕೋವಿ:
ಬಂಡೆ ಅಡಿ ನೀರಿನ ಸೆಲೆ ಇರಬಹುದು, ಕಡ್ಡಿ ಅದನ್ನ ತೋರಿಸಿರಬಹುದು.

ಕಡಲತೀರ_ಕುಂದಾಪ್ರ:
@ಹುತ್ತದಕೋವಿ ಇರಬಹುದು ಇರಬಹುದು. ಬಂಡೆ ಒಡೆಸುವ ಖರ್ಚು ನೀವು ಹಾಕಿ, ನಾನು ಬಂದು ಚಾ ಕುಡೀತಾ ನೋಡ್ತೇನೆ.

ಅಕ್ಕರೆಯಅಕ್ಕ:
ದೊಡ್ಡಮ್ಮ ಏನಂದ್ರು?

ತೋಟದಮನೆ:
ಪೈಪ್ ಹುಡುಕೋದು ಬೇರೆ, ಚಿನ್ನ ಹುಡುಕೋದು ಬೇರೆ ಅಂತಾರೆ. ಕೊಟ್ಟಿಗೆ ಮೇಲೆ ಕಣ್ಣು ಇನ್ನೂ ಹೋಗಿಲ್ಲ. ಈ ಬೇಸಗೆಲಿ ಹೆಂಗೂ ಗೊಬ್ಬರದ ಗುಂಡಿ ಅಲ್ಲಿಗೇ ತೆಗೀಬೇಕು, ಪೂಜೆ ಇಲ್ದೇ ಅಗೆದುಬಿಡಣ ಅಂತಿದೀನಿ, ಕೂಲಿಯವ್ರಿಗೆ ಮೊದಲೇ ಏನೂ ಹೇಳಲ್ಲ.

ಕೋರ್ಟ್_ಕಟ್ಟೆ:
ಸಿಕ್ರೆ ಜಿಲ್ಲಾಧಿಕಾರಿ ಆಫೀಸಿಗೆ ಮೊದಲು ಫೋನ್, ಆಮೇಲೆ ಇಲ್ಲಿ ಫೋಟೋ.

ಸ್ಪ್ಯಾನರ್_ಸೀನ:
ಗುಂಡಿ ಮುಚ್ಚೋ ಮುಂಚೆ ಒಂದು ಕೆಲಸ ಮಾಡಿ, ಹೊಸ ಪೈಪ್ ಹಾಕೋ ಕಡೆಯೆಲ್ಲಾ ಪಕ್ಕದಲ್ಲೇ ಒಂದು ಇನ್ಸುಲೇಟೆಡ್ ತಾಮ್ರದ ತಂತಿ ಎಳೆದು ಎರಡೂ ತುದಿ ವಾಲ್ವ್ ಗುಂಡಿಲಿ ಮೇಲೆ ಬಿಡಿ, ನಾಳೆ ಲೊಕೇಟರಿನವನು ಅದಕ್ಕೆ ಕ್ಲಿಪ್ ಹಾಕಿದ್ರೆ ಇಡೀ ಲೈನ್ ಗೊತ್ತಾಗತ್ತೆ. ಬಂಡೆ ಸುತ್ತು ಎಲ್ಲಿದೆ ಅಂತ ಒಂದು ನಕ್ಷೆನೂ ಬರೆದು ಮೀಟರ್ ಬೋರ್ಡ್ ಒಳಗೆ ಅಂಟಿಸಿ.

ಎರೆಹೊಲ:
ಆ ಗೇಜ್ ಕೂಡ್ಸಾಕ ಎಷ್ಟು ಇಂಚಿನ ಟೀ ಜಾಯಿಂಟ್ ಬೇಕ್ರಿ? ನಮ್ಮದೂ ಒಂದು ಲೈನ್ ಎಲ್ಲೋ ಸೋರಾಕತ್ತೈತಿ, ಆದ್ರ ನಮ್ಮ ಹೊಲ ಅಂಗೈ ಹಂಗ ಸಪಾಟ ಐತಿ.

ಸ್ಪ್ಯಾನರ್_ಸೀನ:
ಸಪಾಟಾದ್ರೆ ಈ ಲೆಕ್ಕ ನಡೆಯಲ್ಲ ಅಣ್ಣ. ನಡುವೆ ಗೇಟ್ ವಾಲ್ವ್ ಇದ್ರೆ ಒಂದೊಂದೇ ಮುಚ್ಚಿ ಯಾವ ತುಂಡಲ್ಲಿ ಪ್ರೆಷರ್ ಬೀಳತ್ತೆ ನೋಡಿ. ವಾಲ್ವ್ ಎಷ್ಟಿದೆ ಹೇಳಿ, ಫೋಟೋನೂ ಹಾಕಿ.